ಇಂಧನದ ದುಡ್ಡು ಕಳೆದ ಮೇಲೆ ಕರೆಂಟ್ ಕಂಪನಿಗೆ ಉಳಿಯುವುದೆಷ್ಟು?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಗ್ರಂಥಾಲಯವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಓದುವವರ ಅನುಕೂಲಕ್ಕೆ ಸ್ವಲ್ಪ ಬಿಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಇಂಥ ವಿದ್ಯುತ್ ಕಂಪನಿಯ ವಹಿವಾಟು ಈ ವರ್ಷ ಇಷ್ಟು ಶೇಕಡಾ ಏರಿತು ಅಂತ. ಓದಿದವರಲ್ಲಿ ಕೆಲವರು, ಛೆ, ನಾಲ್ಕು ಶೇರು ತೆಗೆದಿಡಬೇಕಿತ್ತು ಅಂದುಕೊಳ್ಳುತ್ತಾರೆ. ಇನ್ನು ಕೆಲವರು, ನಮ್ಮ ಬಿಲ್ಲು ಏರಿಸಿ ಇವರು ಹೊಟ್ಟೆ ತುಂಬಿಸಿಕೊಂಡರು ಅಂತ ಬೈಯುತ್ತಾರೆ. ಎರಡೂ ತಪ್ಪಿರಬಹುದು. ಕರೆಂಟ್ ತಯಾರಿಸುವ ಕಂಪನಿಯ ವಹಿವಾಟು ಏರಿತು ಅಂದರೆ ಎಷ್ಟೋ ಸಲ ಕಲ್ಲಿದ್ದಲು ತುಟ್ಟಿಯಾಯಿತು ಅಂತ ಮಾತ್ರ ಅರ್ಥ.

ನಾನು ಎಂಜಿನಿಯರ್ ಅಲ್ಲ. ಬ್ಯಾಂಕಿನಲ್ಲಿ ಕುಳಿತು ಇಂಥ ಕಂಪನಿಗಳ ಸಾಲದ ಫೈಲು ನೋಡಿದವನು. ಟರ್ಬೈನಿನ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಈ ಕೋಣೆಯಲ್ಲೇ ಇದ್ದಾರು. ನನಗೆ ಬೇಕಾದ್ದು ಒಂದೇ ಇತ್ತು: ಸುಟ್ಟ ಇಂಧನದ ದುಡ್ಡು, ಹೊರಗಿಂದ ಕೊಂಡ ಕರೆಂಟಿನ ದುಡ್ಡು, ಇವೆರಡನ್ನೂ ಕಳೆದ ಮೇಲೆ ಇವರ ಕೈಯಲ್ಲಿ ಎಷ್ಟು ನಿಲ್ಲುತ್ತದೆ? ಸಂಬಳ, ರಿಪೇರಿ, ಬಡ್ಡಿ, ಕಂತು, ಕೊನೆಗೆ ಲಾಭ, ಎಲ್ಲ ಬರಬೇಕಾದ್ದು ಅದರಿಂದಲೇ. ಇದನ್ನು ಮಾರ್ಜಿನ್ ಅನ್ನುತ್ತಾರೆ. ಈ ಮಾತಿನುದ್ದಕ್ಕೂ ನಾನು ಉಳಿಕೆ ಅನ್ನುತ್ತೇನೆ.

ನಮ್ಮ ಪೇಟೆಯ ಅಡಿಕೆ ಖರೀದಿ ಅಂಗಡಿಯನ್ನೇ ನೋಡಿ. ಕಿಲೋಗೆ 300 ರೂಪಾಯಿ ಇದ್ದ ಅಡಿಕೆ 450 ಆಯಿತು ಅಂತ ಇಟ್ಟುಕೊಳ್ಳಿ. ಅಂಗಡಿಯ ವಹಿವಾಟು ಒಂದೂವರೆ ಪಟ್ಟಾಯಿತು. ಆದರೆ ಕಿಲೋ ಮೇಲೆ ಅವರಿಗೆ ಆಗಲೂ ಹತ್ತು ರೂಪಾಯಿ ಸಿಗುತ್ತಿತ್ತು, ಈಗಲೂ ಹತ್ತೇ. ಶ್ರೀಮಂತರಾದರಾ? ಇಲ್ಲ. ಬದಲಿಗೆ ಅಷ್ಟೇ ಅಡಿಕೆ ತುಂಬಿಡಲು ಈಗ ಬ್ಯಾಂಕಿನಿಂದ ಇನ್ನೂ ಜಾಸ್ತಿ ಓವರ್‌ಡ್ರಾಫ್ಟ್ ಸಾಲ ಎತ್ತಬೇಕು. ಕಲ್ಲಿದ್ದಲಿನಿಂದ ಕರೆಂಟ್ ತಯಾರಿಸುವ ಕಂಪನಿಯ ಕಥೆಯೂ ಹೆಚ್ಚು ಕಡಿಮೆ ಇದೇ.

ಈಗ ಬೋರ್ಡಿನ ಲೆಕ್ಕ. ಅಂಕಿಗಳು ನನ್ನವು, ಆದರೆ ಅಳತೆ ನಿಜದ್ದು.

ಒಂದು ಯೂನಿಟ್ ಕರೆಂಟಿನಲ್ಲಿ ಇರುವ ಶಕ್ತಿ 860 ಕಿಲೋಕ್ಯಾಲರಿ. ಆದರೆ ಅದನ್ನು ತಯಾರಿಸಲು ಕಲ್ಲಿದ್ದಲ ಸ್ಥಾವರದಲ್ಲಿ ಸುಮಾರು 2,400 ಕಿಲೋಕ್ಯಾಲರಿ ಶಾಖ ಬೇಕು. ಉಳಿದದ್ದು ಹೊಗೆಯಲ್ಲಿ, ತಂಪು ಮಾಡುವ ನೀರಿನಲ್ಲಿ ಹೋಗಿಬಿಡುತ್ತದೆ. ಈ 2,400ಕ್ಕೆ ಹೀಟ್ ರೇಟ್ ಅನ್ನುತ್ತಾರೆ. ಕಿಲೋ ಕಲ್ಲಿದ್ದಲಲ್ಲಿ 4,000 ಕಿಲೋಕ್ಯಾಲರಿ ಇದ್ದರೆ ಒಂದು ಯೂನಿಟ್‌ಗೆ 600 ಗ್ರಾಂ ಕಲ್ಲಿದ್ದಲು ಸುಡಬೇಕು. ಟನ್ನಿಗೆ 4,000 ರೂಪಾಯಿ ಅಂದರೆ ಕಿಲೋಗೆ 4 ರೂಪಾಯಿ. 600 ಗ್ರಾಮಿಗೆ 2 ರೂಪಾಯಿ 40 ಪೈಸೆ.

ಇಲ್ಲಿಗೆ ಮುಗಿಯಲಿಲ್ಲ. ತಯಾರಾದ ಕರೆಂಟೆಲ್ಲ ಹೊರಗೆ ಬರುವುದಿಲ್ಲ. ಕಲ್ಲಿದ್ದಲು ಪುಡಿ ಮಾಡುವ ಗಿರಣಿ, ಗಾಳಿ ಊದುವ ಫ್ಯಾನು, ಬಾಯ್ಲರಿಗೆ ನೀರು ತುಂಬುವ ಪಂಪು, ಇವೆಲ್ಲ ಒಳಗೇ ಕರೆಂಟ್ ತಿನ್ನುತ್ತವೆ. ನೂರರಲ್ಲಿ ಆರು ಯೂನಿಟ್ ಹೀಗೆ ಹೋಯಿತು ಅನ್ನೋಣ. ಹೊರಗೆ ಮಾರುವ 94 ಯೂನಿಟ್ ಮೇಲೆ ನೂರು ಯೂನಿಟ್‌ನ ಇಂಧನ ಹೊರಿಸಬೇಕು. ಆಗ ಮಾರಿದ ಯೂನಿಟ್‌ಗೆ ಇಂಧನದ ಖರ್ಚು 2 ರೂಪಾಯಿ 55 ಪೈಸೆ.

ಮಾರುವ ದರ ಎರಡು ತುಂಡಿನಲ್ಲಿ ಇರುತ್ತದೆ. ಒಂದು ಇಂಧನದ ದರ. ಇನ್ನೊಂದು ಸ್ಥಿರ ದರ, ಅಂದರೆ ಸ್ಥಾವರ ಕಟ್ಟಿದ ಸಾಲ, ಸವಕಳಿ (ಯಂತ್ರ ವರ್ಷ ವರ್ಷ ಸವೆದದ್ದರ ಬೆಲೆ), ಸಂಬಳ, ಮಾಲೀಕರ ಬಂಡವಾಳಕ್ಕೆ ಪ್ರತಿಫಲ, ಎಲ್ಲ ಸೇರಿ. ನಮ್ಮ ಲೆಕ್ಕದಲ್ಲಿ ಅದು ಯೂನಿಟ್‌ಗೆ 1 ರೂಪಾಯಿ 50 ಪೈಸೆ ಇರಲಿ. ಒಟ್ಟು ದರ 4 ರೂಪಾಯಿ 5 ಪೈಸೆ. ಉಳಿಕೆ ಒಂದೂವರೆ ರೂಪಾಯಿ.

ಈಗ ಕಲ್ಲಿದ್ದಲು ಟನ್ನಿಗೆ 6,000 ಆಯಿತು. ಇಂಧನದ ಖರ್ಚು 3 ರೂಪಾಯಿ 83 ಪೈಸೆಗೆ ಏರಿತು. ಒಪ್ಪಂದದ ಪ್ರಕಾರ ಅಷ್ಟೂ ಕೊಳ್ಳುವವರ ಮೇಲೆ ಬಿತ್ತು. ದರ 5 ರೂಪಾಯಿ 33 ಪೈಸೆ ಆಯಿತು. ವಹಿವಾಟು ಶೇಕಡಾ 32 ಏರಿತು. ಉಳಿಕೆ? ಅದೇ ಒಂದೂವರೆ ರೂಪಾಯಿ. ಒಂದು ಪೈಸೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಶೇಕಡಾ ಲೆಕ್ಕದಲ್ಲಿ ನೋಡಿದರೆ ಮೊದಲು ಉಳಿಕೆ ವಹಿವಾಟಿನ 37 ಭಾಗ ಇತ್ತು, ಈಗ 28ಕ್ಕೆ ಇಳಿಯಿತು. ಟಿವಿಯಲ್ಲಿ ಕುಳಿತವರು ಕಂಪನಿಯ ಮಾರ್ಜಿನ್ ಕುಸಿಯಿತು ಅಂತ ಕೂಗುತ್ತಾರೆ. ಕುಸಿದದ್ದು ಏನೂ ಇಲ್ಲ, ಭಾಗಿಸುವ ಅಂಕಿ ದೊಡ್ಡದಾಯಿತು ಅಷ್ಟೇ. ಸಾಬೂನಿನ ಕಂಪನಿಗೋ ಬಟ್ಟೆ ಅಂಗಡಿಗೋ ಶೇಕಡಾ ಮಾರ್ಜಿನ್ ಹೊಂದುತ್ತದೆ. ಇಂಧನದ ದರ ನೇರವಾಗಿ ಗಿರಾಕಿಗೆ ಹೋಗುವ ಈ ವ್ಯಾಪಾರಕ್ಕೆ ಅದು ಹೊಂದುವುದೇ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ವಿದ್ಯುತ್ ಕಂಪನಿಯ ವರದಿಯಲ್ಲಿ ಶೇಕಡಾ ಕಂಡ ಕೂಡಲೇ ಕಣ್ಣು ಮುಚ್ಚಿ ಮುಂದೆ ಹೋಗಬಹುದು. ಯೂನಿಟ್‌ಗೆ ಎಷ್ಟು ಪೈಸೆ ಅಂತ ಕೇಳಿ.

ಹಾಗಾದರೆ ಕಂಪನಿಯ ಜಾಣತನ ಎಲ್ಲಿ ಕಾಣುತ್ತದೆ? ಆ 2,400ರಲ್ಲಿ. ದರ ನಿಗದಿ ಮಾಡುವ ಆಯೋಗ ಹೀಟ್ ರೇಟಿಗೆ ಒಂದು ಮಿತಿ ಇಟ್ಟಿರುತ್ತದೆ. ಕೇಂದ್ರ ಆಯೋಗದ 2019ರ ನಿಯಮದಲ್ಲಿ 500 ಮೆಗಾವ್ಯಾಟ್ ಯಂತ್ರಗಳಿಗೆ 2,390 ಅಂತ ಇತ್ತು. ನಮ್ಮ ಲೆಕ್ಕದಲ್ಲಿ ಮಿತಿ 2,400 ಅಂತಲೇ ಇರಲಿ. ಯಂತ್ರ ಹಳತಾಗಿ, ಟ್ಯೂಬಿನಲ್ಲಿ ಕಿಟ್ಟ ಕಟ್ಟಿ, ನಮ್ಮ ಲೆಕ್ಕದ ಸ್ಥಾವರ 2,400ರ ಬದಲು 2,520 ತಿನ್ನತೊಡಗಿತು ಅನ್ನಿ. ಹೆಚ್ಚಿನ ಕಲ್ಲಿದ್ದಲ ದುಡ್ಡು ಗಿರಾಕಿ ಕೊಡುವುದಿಲ್ಲ. ಯೂನಿಟ್‌ಗೆ ಸುಮಾರು 13 ಪೈಸೆ ಕಂಪನಿಯ ಜೇಬಿನಿಂದ ಹೋಯಿತು. ಹದಿಮೂರು ಪೈಸೆ ಏನು ಮಹಾ ಅನಿಸುತ್ತದೆ ಅಲ್ವಾ? ವರ್ಷಕ್ಕೆ 100 ಕೋಟಿ ಯೂನಿಟ್ ಮಾರಿದರೆ 13 ಕೋಟಿ ರೂಪಾಯಿ. ಮಾಲೀಕರ ಪಾಲಿನ ಲಾಭದಲ್ಲಿ ದೊಡ್ಡ ತುಂಡೇ ಹೋದ ಹಾಗೆ. ಕಲ್ಲಿದ್ದಲು ತುಟ್ಟಿಯಾದಷ್ಟೂ ಈ ಹದಿಮೂರು ಪೈಸೆ ಬೆಳೆಯುತ್ತದೆ ಅನ್ನುವುದನ್ನೂ ನೆನಪಿಡಿ. ದಕ್ಷ ಸ್ಥಾವರಕ್ಕೆ ಇಂಧನದ ದರ ಏರಿದರೆ ಚಿಂತೆ ಇಲ್ಲ, ಸೋರುವ ಸ್ಥಾವರಕ್ಕೆ ಅದೇ ಏರಿಕೆ ಕುತ್ತಿಗೆಗೆ ಬರುತ್ತದೆ.

ನಿಂತ ಸ್ಥಾವರ ಕೂಡ ಕರೆಂಟ್ ಕೊಳ್ಳುತ್ತದೆ. ಇದು ನನಗೆ ಮೊದಲ ಸಲ ಒಂದು ಫೈಲಿನಲ್ಲಿ ಕಂಡಾಗ ಆಶ್ಚರ್ಯವಾಗಿತ್ತು. ಬಿಸಿಯಾಗಿದ್ದ ಟರ್ಬೈನನ್ನು ಹಾಗೇ ನಿಲ್ಲಿಸಿಬಿಟ್ಟರೆ ಅದರ ಉದ್ದನೆಯ ಉಕ್ಕಿನ ದಂಡ ತನ್ನ ಭಾರಕ್ಕೇ ಬಾಗುತ್ತದೆ. ಹಾಗಾಗಿ ತಣಿಯುವ ತನಕ ಒಂದು ಮೋಟರ್ ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಎಣ್ಣೆ ಪಂಪು ಓಡಬೇಕು. ಮತ್ತೆ ಚಾಲೂ ಮಾಡುವಾಗ ದೊಡ್ಡ ಫ್ಯಾನುಗಳು ಓಡಬೇಕು. ಇದಕ್ಕೆಲ್ಲ ಗ್ರಿಡ್ಡಿನಿಂದ, ಅಂದರೆ ಹೊರಗಿನ ತಂತಿ ಜಾಲದಿಂದ, ಕರೆಂಟ್ ತಗೊಳ್ಳಬೇಕು, ಅದಕ್ಕೆ ಬಿಲ್ಲೂ ಬರುತ್ತದೆ. ಮೇಲಿಂದ ಮೇಲೆ ನಿಂತು ಓಡುವ ಸ್ಥಾವರದ ಉಳಿಕೆ ಹೀಗೂ ಸವೆಯುತ್ತದೆ.

ಇನ್ನು ನಮ್ಮ ಸುತ್ತಮುತ್ತಲಿಗೆ ಬರೋಣ.

ಕಾಸರಗೋಡು ಜಿಲ್ಲೆಗೂ ಒಂದು ಖಾಸಗಿ ಸ್ಥಾವರ ಇತ್ತು ಅನ್ನುವುದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮೈಲಾಟ್ಟಿಯಲ್ಲಿ. ಎಣ್ಣೆಯಲ್ಲಿ ಓಡುವ ಇಪ್ಪತ್ತು ಚಿಲ್ಲರೆ ಮೆಗಾವ್ಯಾಟಿನದ್ದು. ಕೇರಳದಲ್ಲಿ 1990ರ ದಶಕದ ಕೊನೆಗೆ ಕರೆಂಟಿನ ಬರ ಇತ್ತು. ಬೇಗ ಕಟ್ಟಿ ಮುಗಿಸಬಹುದು ಅಂತ ಎಣ್ಣೆ ಮತ್ತು ನಾಫ್ತಾ (ಪೆಟ್ರೋಲಿನಂಥ ಇಂಧನ) ಸ್ಥಾವರಗಳ ಸಾಲೇ ಎದ್ದಿತು. ಬ್ರಹ್ಮಪುರ, ಕೋಝಿಕ್ಕೋಡಿನ ನಲ್ಲಳಂ, ಕೊಚ್ಚಿ, ಕಾಯಂಕುಳಂ. ಆಮೇಲೆ ಎಣ್ಣೆಯ ದರ ಮೇಲಕ್ಕೆ ಹೋಯಿತು. ಒಂದು ಯೂನಿಟ್‌ನ ಇಂಧನದ ಖರ್ಚೇ ಹೊರಗೆ ಸಿಗುವ ಕಲ್ಲಿದ್ದಲ ಕರೆಂಟಿನ ಪೂರ್ತಿ ದರವನ್ನು ದಾಟಿದ ಮೇಲೆ ಕೇರಳದ ಸರ್ಕಾರಿ ವಿದ್ಯುತ್ ಕಂಪನಿ ಕೆಎಸ್‌ಇಬಿಯವರು ಇವರನ್ನು ಓಡಿಸಿ ಅಂತ ಯಾಕೆ ಹೇಳುತ್ತಾರೆ?

ಓಡದಿದ್ದರೂ ಸ್ಥಿರ ದರ ಕೊಡಬೇಕಿತ್ತು. ಕೇಂದ್ರ ಸರ್ಕಾರದ ಕಂಪನಿ ಎನ್‌ಟಿಪಿಸಿಯ ಕಾಯಂಕುಳಂ ಸ್ಥಾವರ ಸುಮಾರು 360 ಮೆಗಾವ್ಯಾಟಿನದ್ದು. ವರ್ಷಗಟ್ಟಲೆ ಸುಮ್ನೆ ನಿಂತಿದ್ದರೂ ಕೇರಳ ಅದಕ್ಕೆ ದುಡ್ಡು ಕಟ್ಟುತ್ತಿತ್ತು. ಒಪ್ಪಂದದ ಮಾತೇ ಹಾಗೆ: ನಾನು ತಯಾರಿದ್ದೇನೆ, ನೀನು ಕರೆಯಲಿಲ್ಲ ಅಂದರೆ ನನ್ನ ತಪ್ಪಲ್ಲ. ಕೇಂದ್ರ ಆಯೋಗದ ನಿಯಮದಲ್ಲಿ ಉಷ್ಣ ಸ್ಥಾವರ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 85ರಷ್ಟು ತಯಾರಿದ್ದರೆ ಸ್ಥಿರ ದರ ಪೂರ್ತಿ ಸಿಗುತ್ತದೆ. ಈಗ ಅಂಥ ಕಂಪನಿಯ ಲೆಕ್ಕಪತ್ರ ನೋಡಿ. ವಹಿವಾಟು ಚಿಕ್ಕದು. ಇಂಧನದ ಖರ್ಚು ಸೊನ್ನೆಯ ಹತ್ತಿರ. ಉಳಿಕೆ ವಹಿವಾಟಿನ ನೂರಕ್ಕೆ ನೂರು! ಶೇಕಡಾ ನೋಡುವವರಿಗೆ ಇದು ದೇಶದ ನಂಬರ್ ಒನ್ ಕಂಪನಿ.

ನಮ್ಮ ಜಿಲ್ಲೆಯ ಪೈವಳಿಕೆಗೂ ಇದೇ ಮಾತು, ಬೇರೆ ಕಾರಣಕ್ಕೆ. ಪೈವಳಿಕೆ, ಮೀಂಜ, ಚಿಪ್ಪಾರು ಕಡೆಯ 250 ಎಕರೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಸ್ಥಾವರ ಇದೆ. 2021ರ ಫೆಬ್ರವರಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 280 ಕೋಟಿ ರೂಪಾಯಿ ಹಾಕಿದ್ದಾರೆ. ಬಿಸಿಲಿಗೆ ಬಿಲ್ಲಿಲ್ಲ. ಇಂಧನ ಕಳೆಯುವ ಮಾತೇ ಇಲ್ಲ. ಹಾಗಾದರೆ ಬಂದದ್ದೆಲ್ಲ ಲಾಭವಾ?

ಅಂದಾಜು ಹಾಕೋಣ. ಇದು ಕಂಪನಿಯ ಲೆಕ್ಕ ಅಲ್ಲ, ನನ್ನ ಊಹೆ. 50 ಮೆಗಾವ್ಯಾಟ್ ವರ್ಷವಿಡೀ ಹಗಲೂ ರಾತ್ರಿ ಓಡಿದರೆ 43.8 ಕೋಟಿ ಯೂನಿಟ್. ರಾತ್ರಿ ಇದೆ, ನಮ್ಮ ಆಟಿ ತಿಂಗಳ ಮಳೆ ಮೋಡ ಇದೆ. ಐದರಲ್ಲಿ ಒಂದು ಪಾಲು ಸಿಕ್ಕಿತು ಅನ್ನಿ, 8.76 ಕೋಟಿ ಯೂನಿಟ್. ಯೂನಿಟ್‌ಗೆ 3 ರೂಪಾಯಿ ಇಟ್ಟರೆ ವರ್ಷಕ್ಕೆ 26 ಕೋಟಿ ಚಿಲ್ಲರೆ. 280 ಕೋಟಿಯಲ್ಲಿ ನೂರಕ್ಕೆ ಎಪ್ಪತ್ತು ಭಾಗ ಸಾಲ, ಬಡ್ಡಿ ಶೇಕಡಾ 9 ಅಂದರೆ ಮೊದಲ ವರ್ಷದ ಬಡ್ಡಿಯೇ 17.6 ಕೋಟಿ. ಇಪ್ಪತ್ತೈದು ವರ್ಷಕ್ಕೆ ಸವಕಳಿ ಹಂಚಿದರೆ ವರ್ಷಕ್ಕೆ 11.2 ಕೋಟಿ. ಎರಡೇ ಸಾಲಿಗೆ 26 ಕೋಟಿ ಖಾಲಿಯಾಗಿ ಎರಡೂವರೆ ಕೋಟಿ ಕೈಯಿಂದ ಬಿತ್ತು. ಸಾಲ ತೀರುತ್ತಾ ಹೋದ ಹಾಗೆ ಚಿತ್ರ ಬದಲಾಗುತ್ತದೆ, ಅದು ಬೇರೆ. ಆದರೆ ಒಂದಂತೂ ಖಂಡಿತ. ಕಲ್ಲಿದ್ದಲ ಸ್ಥಾವರದ ಉಳಿಕೆಯನ್ನೂ ಸೋಲಾರಿನ ಉಳಿಕೆಯನ್ನೂ ಪಕ್ಕ ಪಕ್ಕ ಇಟ್ಟು ಯಾರು ಮೇಲು ಅಂತ ಕೇಳಬಾರದು. ಒಬ್ಬರು ಇಂಧನಕ್ಕೆ ದಿನ ದಿನ ಕೊಡುತ್ತಾರೆ. ಇನ್ನೊಬ್ಬರು ಇಪ್ಪತ್ತೈದು ವರ್ಷದ ಇಂಧನಕ್ಕೆ ಮೊದಲ ದಿನವೇ ಪ್ಯಾನೆಲಿನ ರೂಪದಲ್ಲಿ ಕೊಟ್ಟುಬಿಟ್ಟಿದ್ದಾರೆ.

ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವಾಗ ಪಡುಬಿದ್ರಿ ಹತ್ತಿರ ಬಲಗಡೆಗೆ ಎತ್ತರದ ಚಿಮಣಿ ಕಾಣುತ್ತದಲ್ಲ, ಅದು 1,200 ಮೆಗಾವ್ಯಾಟಿನದ್ದು. ಹೊರದೇಶದ ಕಲ್ಲಿದ್ದಲು ಪಣಂಬೂರು ಬಂದರಿನಲ್ಲಿ ಇಳಿದು ಅಲ್ಲಿಗೆ ಹೋಗುತ್ತದೆ. ಇಂಥ ಕಡೆ ಮೊದಲು ಓದಬೇಕಾದ್ದು ಒಪ್ಪಂದದಲ್ಲಿ ಇಂಧನದ ಕಲಂ. ಕಲ್ಲಿದ್ದಲ ದರ, ಹಡಗಿನ ಬಾಡಿಗೆ, ಡಾಲರ್, ಈ ಮೂರೂ ಏರಿದಾಗ ಯಾರ ತಲೆಗೆ ಅಂತ.

ಅದನ್ನು ಸರಿಯಾಗಿ ಬರೆದುಕೊಳ್ಳದೆ ಕೆಟ್ಟ ಉದಾಹರಣೆ ಗುಜರಾತಿನ ಮುಂದ್ರಾ. 4,000 ಮೆಗಾವ್ಯಾಟ್. 2006ರಲ್ಲಿ ಟಾಟಾದವರು ಸರಾಸರಿ ಯೂನಿಟ್‌ಗೆ 2 ರೂಪಾಯಿ 26 ಪೈಸೆಗೆ ಕೊಡುತ್ತೇವೆ ಅಂತ ಬಿಡ್ಡಿನಲ್ಲಿ ಗೆದ್ದರು. ಇಂಡೋನೇಷ್ಯಾದ ಅಗ್ಗದ ಕಲ್ಲಿದ್ದಲು ನಂಬಿ. 2010–11ರಲ್ಲಿ ಇಂಡೋನೇಷ್ಯಾ ಸರ್ಕಾರ ನಿಯಮ ಬದಲಿಸಿ, ರಫ್ತಾಗುವ ಕಲ್ಲಿದ್ದಲು ಮಾರುಕಟ್ಟೆಯ ದರಕ್ಕಿಂತ ಕಡಿಮೆಗೆ ಹೋಗಬಾರದು ಅಂದಿತು. ಇಲ್ಲಿ ಮಾರುವ ದರ ಮಾತ್ರ ಇದ್ದಲ್ಲೇ. ಯೂನಿಟ್ ಮಾರಿದಷ್ಟೂ ಇಂಧನದಲ್ಲೇ ಕೈ ಸುಟ್ಟುಕೊಂಡರು. ಹೊರದೇಶದ ಕಾನೂನು ಬದಲಾದದ್ದು ಪರಿಹಾರಕ್ಕೆ ಕಾರಣ ಆಗುವುದಿಲ್ಲ ಅಂತ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಂತ್ರ ಒಳ್ಳೆಯದಿತ್ತು, ಕಂಪನಿ ದೊಡ್ಡದಿತ್ತು, ಗಿರಾಕಿಗಳು ಐದು ರಾಜ್ಯದವರು. ಉಳಿಕೆ ಮಾತ್ರ ಸಾಲಲಿಲ್ಲ.

ಈವರೆಗೆ ಸುಡುವ ಇಂಧನದ ಮಾತಾಯಿತು. ಕೊಳ್ಳುವ ಕರೆಂಟ್ ಯಾಕೆ ಅದರ ಜೊತೆಗೆ ಸೇರಬೇಕು? ನಮ್ಮ ಕೆಎಸ್‌ಇಬಿಯನ್ನು ನೋಡಿದರೆ ಗೊತ್ತಾಗುತ್ತದೆ.

ಕೇರಳದ ಸ್ವಂತ ಕರೆಂಟು ಹೆಚ್ಚಿನದ್ದು ನೀರಿನದ್ದು. ಇಡುಕ್ಕಿ ಒಂದೇ 780 ಮೆಗಾವ್ಯಾಟ್. ನೀರಿಗೆ ದರ ಇಲ್ಲ ಅನ್ನುತ್ತೇವೆ. ಆದರೆ ಅಣೆಕಟ್ಟಿನಿಂದ ಇವತ್ತು ಬಿಟ್ಟ ನೀರು ಮಾರ್ಚ್‌ನಲ್ಲಿ ಇರುವುದಿಲ್ಲ. ಮಾರ್ಚ್‌ನಲ್ಲಿ ಅಷ್ಟು ಕರೆಂಟ್ ಹೊರಗಿಂದ ಕೊಳ್ಳಬೇಕು. ಅಂದರೆ ನೀರಿನ ನಿಜವಾದ ಬೆಲೆ ನಾಳೆ ಕೊಳ್ಳಬೇಕಾದ ಕರೆಂಟಿನ ಬೆಲೆ. 2023ರ ಮುಂಗಾರಿನಲ್ಲಿ ಕೇರಳಕ್ಕೆ ಶೇಕಡಾ 34 ಮಳೆ ಕಡಿಮೆ ಬಿತ್ತು. ಅದೇ ವರ್ಷ ಮೇಯಲ್ಲಿ ರಾಜ್ಯದ ಆಯೋಗ 465 ಮೆಗಾವ್ಯಾಟಿನ ದೀರ್ಘಾವಧಿ ಖರೀದಿ ಒಪ್ಪಂದಗಳಿಗೆ ಒಪ್ಪಿಗೆ ನಿರಾಕರಿಸಿತ್ತು. ಒಂದು ಕಡೆ ಡ್ಯಾಮಿನಲ್ಲಿ ನೀರಿಲ್ಲ, ಇನ್ನೊಂದು ಕಡೆ ಅಗ್ಗದ ಒಪ್ಪಂದ ಇಲ್ಲ. ದುಬಾರಿ ದರಕ್ಕೆ ಅಲ್ಪಾವಧಿಗೆ ಕೊಳ್ಳಬೇಕಾಯಿತು.

ಮತ್ತೆ ಬೋರ್ಡಿನ ಲೆಕ್ಕ, ಊಹೆಯದ್ದು. ಒಂದು ಕಂಪನಿ ವರ್ಷಕ್ಕೆ 100 ಕೋಟಿ ಯೂನಿಟ್ 5 ರೂಪಾಯಿಗೆ ಮಾರುತ್ತದೆ. ವಹಿವಾಟು 500 ಕೋಟಿ. ಒಳ್ಳೆಯ ಮಳೆಯ ವರ್ಷ 40 ಕೋಟಿ ಯೂನಿಟ್ ತನ್ನ ನೀರಿನಿಂದ, 60 ಕೋಟಿ ಯೂನಿಟ್ 4 ರೂಪಾಯಿಗೆ ಹೊರಗಿಂದ. ಕೊಂಡದ್ದು 240 ಕೋಟಿ, ಉಳಿಕೆ 260 ಕೋಟಿ. ಮಳೆ ಕೈಕೊಟ್ಟ ವರ್ಷ ನೀರಿನಿಂದ 28 ಕೋಟಿ ಯೂನಿಟ್ ಮಾತ್ರ. ಕೊರತೆಯ 12 ಕೋಟಿ ಯೂನಿಟ್ ಯಾರೂ 4 ರೂಪಾಯಿಗೆ ಕೊಡುವುದಿಲ್ಲ, ಎಲ್ಲರಿಗೂ ಆಗಲೇ ಬೇಕು. 8 ರೂಪಾಯಿ ಕೊಟ್ಟರು. 96 ಕೋಟಿ ಹೆಚ್ಚು. ಉಳಿಕೆ 164 ಕೋಟಿಗೆ ಇಳಿಯಿತು. ವಹಿವಾಟು ಅದೇ 500 ಕೋಟಿ. ಇಂಧನದ ಸಾಲು ಮಾತ್ರ ನೋಡಿದವರಿಗೆ ಎರಡೂ ವರ್ಷ ಸೊನ್ನೆ ಕಾಣುತ್ತದೆ. ಕೊಂಡ ಕರೆಂಟನ್ನೂ ಸೇರಿಸಿದಾಗ ಬರಗಾಲ ಕಾಣುತ್ತದೆ.

ಈ 96 ಕೋಟಿಯ ಒಂದು ತುಂಡು ನಮ್ಮ ಎರಡು ತಿಂಗಳ ಬಿಲ್ಲಿನಲ್ಲಿ ಸರ್ಚಾರ್ಜ್ ಅಂತ ಬರುತ್ತದೆ. ಯೂನಿಟ್‌ಗೆ 10 ಪೈಸೆ ತನಕ ಕೆಎಸ್‌ಇಬಿ ತಾನೇ ಹಾಕಬಹುದು ಅಂತ 2023ರಲ್ಲಿ ನಿಯಮ ಬಂತು, ಅದಕ್ಕಿಂತ ಹೆಚ್ಚಿಗೆ ಆಯೋಗದ ಒಪ್ಪಿಗೆ ಬೇಕಿತ್ತು. ಎರಡೂ ಸೇರಿ 19 ಪೈಸೆ ಇದ್ದ ತಿಂಗಳುಗಳು ನಿಮಗೆ ನೆನಪಿರಬಹುದು. ನಮ್ಮ ಲೆಕ್ಕದ ಕಂಪನಿಗೆ 19 ಪೈಸೆಯಿಂದ ಸಿಗುವುದು 19 ಕೋಟಿ. ಉಳಿದ 77 ಕೋಟಿ? ಅದು ಮುಂದೆ ಯಾವಾಗಲೋ ಗಿರಾಕಿಗಳಿಂದ ಬರಬೇಕಾದ್ದು ಅಂತ ಪುಸ್ತಕದಲ್ಲಿ ಆಸ್ತಿಯಾಗಿ ಕೂರುತ್ತದೆ. ದೇಶದ ತುಂಬ ಇಂಥ ಆಸ್ತಿ ಬೆಳೆದು ಬೆಳೆದು, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಾಲಮಿತಿ ಹಾಕಿ ತೀರಿಸಿ ಅನ್ನಬೇಕಾಯಿತು. ಬ್ಯಾಂಕಿನವನ ಕಣ್ಣಿಗೆ ಅದು ಆಸ್ತಿಯಾಗಿ ಕಂಡದ್ದೇ ಇಲ್ಲ.

ಇನ್ನು ಒಪ್ಪಂದ ಇಲ್ಲದೆ ಮಾರುಕಟ್ಟೆಯಲ್ಲೇ ಮಾರುವ ಸ್ಥಾವರ. ಇವರಿಗೆ ಮಾರುವ ದರ ಮತ್ತು ಇಂಧನದ ಖರ್ಚಿನ ನಡುವಿನ ಅಂತರವೇ ಬದುಕು. ಗ್ಯಾಸ್ ಆದರೆ ಸ್ಪಾರ್ಕ್ ಸ್ಪ್ರೆಡ್, ಕಲ್ಲಿದ್ದಲಾದರೆ ಡಾರ್ಕ್ ಸ್ಪ್ರೆಡ್ ಅಂತ ಹೆಸರಿದೆ. ಹೆಚ್ಚಿನವರು ಇದನ್ನು ತಿಂಗಳ ಸರಾಸರಿ ದರ ಹಿಡಿದು ಅಳೆಯುತ್ತಾರೆ. ಅಲ್ಲೇ ಎಡವುತ್ತಾರೆ.

ಕರೆಂಟಿನ ಹರಾಜು ನಡೆಯುವ ನಮ್ಮ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನವನ್ನು ಕಾಲು ಗಂಟೆಯ 96 ತುಂಡು ಮಾಡಿದ್ದಾರೆ. ಪ್ರತಿ ತುಂಡಿಗೂ ಬೇರೆ ದರ. ನಡು ಮಧ್ಯಾಹ್ನ ಸೋಲಾರ್ ತುಂಬಿ ದರ ನೆಲಕ್ಕೆ ಬೀಳುತ್ತದೆ. ಸಂಜೆ ಎಲ್ಲರ ಮನೆಯಲ್ಲಿ ದೀಪ, ಫ್ಯಾನು, ಏಸಿ ಹೊತ್ತಿದಾಗ ಮೇಲಕ್ಕೆ ಹಾರುತ್ತದೆ. 2022ರಲ್ಲಿ ಅದಕ್ಕೆ 12 ರೂಪಾಯಿಯ ಮಿತಿ ಹಾಕಿದರು, 2023ರಿಂದ 10 ರೂಪಾಯಿ.

ನೂರು ಮೆಗಾವ್ಯಾಟ್ ಮಾರಬಲ್ಲ ಸ್ಥಾವರ ಅನ್ನಿ. ಇಂಧನದ ಖರ್ಚು ಯೂನಿಟ್‌ಗೆ 4 ರೂಪಾಯಿ. ಮಧ್ಯಾಹ್ನ ಆರು ಗಂಟೆ ದರ ಎರಡೂವರೆ, ಸಂಜೆ ಐದು ಗಂಟೆ ದರ 8, ಉಳಿದ ಹದಿಮೂರು ಗಂಟೆ 4. ದಿನದ ಸರಾಸರಿ ಸುಮಾರು 4 ರೂಪಾಯಿ 46 ಪೈಸೆ. ಯೂನಿಟ್‌ಗೆ 46 ಪೈಸೆ ಉಳಿಕೆ, ಇಡೀ ದಿನಕ್ಕೆ 11 ಲಕ್ಷ ರೂಪಾಯಿ. ಕಾಗದದ ಮೇಲೆ.

ನಿಜದಲ್ಲಿ ಆಪರೇಟರ್ ಹಾಗೆ ಮಾಡುವುದಿಲ್ಲ. ಮಧ್ಯಾಹ್ನ ನಷ್ಟ ಅಂತ ಯಂತ್ರ ತಗ್ಗಿಸುತ್ತಾರೆ. ಆದರೆ ಕಲ್ಲಿದ್ದಲ ಬಾಯ್ಲರನ್ನು ಮಧ್ಯಾಹ್ನ ಆರಿಸಿ ಸಂಜೆ ಹೊತ್ತಿಸಲು ಆಗುವುದಿಲ್ಲ. ಕೇಂದ್ರದ ಸ್ಥಾವರಗಳಿಗೆ ಕನಿಷ್ಠ ಓಟ ಶೇಕಡಾ 55 ಅಂತ ನಿಯಮದಲ್ಲೇ ಇದೆ. ಆರು ಗಂಟೆ 55 ಮೆಗಾವ್ಯಾಟ್, ಯೂನಿಟ್‌ಗೆ ಒಂದೂವರೆ ರೂಪಾಯಿ ನಷ್ಟ, ಒಟ್ಟು 4.95 ಲಕ್ಷ. ಸಂಜೆ ಐದು ಗಂಟೆ ಪೂರ್ತಿ ಓಟ, ಯೂನಿಟ್‌ಗೆ 4 ರೂಪಾಯಿ ಉಳಿಕೆ, 20 ಲಕ್ಷ. ದಿನಕ್ಕೆ 15 ಲಕ್ಷ ಚಿಲ್ಲರೆ. ಮಧ್ಯಾಹ್ನ ಪೂರ್ತಿ ನಿಲ್ಲಿಸಬಲ್ಲ ನೀರಿನ ಸ್ಥಾವರವೋ ಗ್ಯಾಸಿನದ್ದೋ ಆದರೆ, ಅದೇ ಖರ್ಚಿನಲ್ಲಿ, ಪೂರ್ತಿ 20 ಲಕ್ಷ. ಅದೇ ದಿನ, ಅದೇ ದರ, ಅದೇ ಇಂಧನದ ಖರ್ಚು. ಮೂರು ಉತ್ತರ. ಅರ್ಧ ಓಟದಲ್ಲಿ ಹೀಟ್ ರೇಟ್ ಕೆಡುತ್ತದೆ ಅನ್ನುವುದನ್ನು ನಾನು ಸೇರಿಸಿಲ್ಲ, ಸೇರಿಸಿದರೆ ಮಧ್ಯಾಹ್ನದ ನಷ್ಟ ಇನ್ನೂ ಹೆಚ್ಚು.

ಹಾಗಾಗಿ ಮಾರುಕಟ್ಟೆಯ ಸ್ಥಾವರಕ್ಕೆ ಸರಾಸರಿಯ ಲೆಕ್ಕ ಯಾರಾದರೂ ತಂದುಕೊಟ್ಟರೆ ಹಿಂದಕ್ಕೆ ಕಳಿಸಬೇಕು. ಗಂಟೆ ಗಂಟೆಯ ಲೆಕ್ಕ ಕೇಳಬೇಕು.

ಅಮೆರಿಕದ ಪ್ರಾದೇಶಿಕ ವಿದ್ಯುತ್ ಕಂಪನಿಗಳಲ್ಲಿ ಎಷ್ಟೋ ಮಂದಿ ಇಂಧನ ಮತ್ತು ಕೊಂಡ ಕರೆಂಟ್ ಕಳೆದ ಈ ಅಂಕಿಯನ್ನು ವರದಿಯಲ್ಲಿ ಬೇರೆಯಾಗಿ ತೋರಿಸುತ್ತಾರೆ. ಲೆಕ್ಕಪತ್ರದ ನಿಯಮಗಳಲ್ಲಿ ಇಲ್ಲದ ಅಂಕಿ ತೋರಿಸುವುದಾದರೆ, ಅದಕ್ಕೆ ಹತ್ತಿರದ ನಿಯಮದ ಅಂಕಿಯನ್ನೂ ಕೊಟ್ಟು, ಇದರಿಂದ ಅದಕ್ಕೆ ಹೇಗೆ ಬಂದಿರಿ ಅಂತ ಸಾಲು ಸಾಲಾಗಿ ತೋರಿಸಬೇಕು ಅಂತ ಅಲ್ಲಿ 2003ರಿಂದ ನಿಯಮ ಇದೆ. ಕಂಪನಿಗಳು ತಮಗೆ ಬೇಕಾದ ಖರ್ಚು ಮಾತ್ರ ಕಳೆದು ಚಂದದ ಅಂಕಿ ತೋರಿಸುವುದು ಎಲ್ಲ ಊರಲ್ಲೂ ಇದ್ದದ್ದೇ.

ಇಷ್ಟು ಹೇಳಿ ಮುಗಿಸಿದೆ. ಪ್ರಶ್ನೆಗಳು ಬಂದವು.

ನಿವೃತ್ತ ಮಾಷ್ಟ್ರೊಬ್ಬರು, ವಾರ್ಷಿಕ ವರದಿ ಮುನ್ನೂರು ಪುಟ ಇರುತ್ತದೆ, ಎಲ್ಲಿ ನೋಡುವುದು ಅಂತ ಕೇಳಿದರು.

ಮಾಷ್ಟ್ರೇ, ಮೊದಲ ನೂರು ಪುಟದ ಫೋಟೋಗಳನ್ನು ದಾಟಿಬಿಡಿ. ಲಾಭ–ನಷ್ಟದ ಪುಟದಲ್ಲಿ ಇಂಧನದ ವೆಚ್ಚ, ವಿದ್ಯುತ್ ಖರೀದಿ ಅಂತ ಸಾಲುಗಳು ಸಿಗುತ್ತವೆ. ವಹಿವಾಟಿನಿಂದ ಅವನ್ನು ಕಳೆಯಿರಿ. ಎಷ್ಟು ಯೂನಿಟ್ ಮಾರಿದರು ಅಂತ ನಿರ್ದೇಶಕರ ವರದಿಯಲ್ಲಿ ಇರುತ್ತದೆ. ಭಾಗಿಸಿ. ಐದು ವರ್ಷದ್ದು ಹೀಗೆ ಬರೆದುಕೊಳ್ಳಿ. ವಹಿವಾಟಿನಲ್ಲಿ ಹಳೆಯ ವರ್ಷದ ಬಾಕಿ ಬಂದು ಸೇರಿದೆಯಾ ಅಂತ ಟಿಪ್ಪಣಿಯಲ್ಲಿ ನೋಡಿ. ಯಾವುದೋ ಕೇಸು ಗೆದ್ದು ನಾಲ್ಕು ವರ್ಷದ ಹಣ ಒಂದೇ ವರ್ಷಕ್ಕೆ ಬಂದರೆ ಉಳಿಕೆ ಸುಳ್ಳು ಹೇಳುತ್ತದೆ. ಆಮೇಲೆ ಗಿರಾಕಿಗಳಿಂದ ಬರಬೇಕಾದ ಬಾಕಿ ಎಷ್ಟು ತಿಂಗಳ ವಹಿವಾಟಿನಷ್ಟಿದೆ ಅಂತ. ಉಳಿಕೆ ಚೆನ್ನಾಗಿದ್ದು ದುಡ್ಡೇ ಬಾರದೆ ಸಾಲಕ್ಕೆ ಸಿಕ್ಕಿಕೊಂಡ ಸ್ಥಾವರಗಳ ಫೈಲು ನಾನು ಬೇಕಾದಷ್ಟು ನೋಡಿದ್ದೇನೆ. ಕೊಳ್ಳುವವರು ಸರ್ಕಾರಿ ವಿತರಣಾ ಕಂಪನಿಗಳು, ಕೇಳಿದರೆ ನಾಳೆ ಅನ್ನುತ್ತಾರೆ. ಬಾಕಿಗೆ ದಂಡದ ಬಡ್ಡಿ ಮತ್ತು ಕಂತಿನ ನಿಯಮ 2022ರ ಜೂನ್‌ನಲ್ಲಿ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ.

ಹಿಂದಿನ ಸಾಲಿನಲ್ಲಿ ಕುಳಿತ ಅಕ್ಕ ಒಬ್ಬರು, ಹಾಗಾದರೆ ಸರ್ಚಾರ್ಜ್ ಕೊಟ್ಟದ್ದರಲ್ಲಿ ಕಂಪನಿಗೆ ಲಾಭವೇ ಇಲ್ಲವಾ ಅಂತ ಕೇಳಿದರು. ದಕ್ಷವಾಗಿ ಓಡುವ ಸ್ಥಾವರಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಅಕ್ಕಾ. ಆದರೆ ತಪ್ಪು ಹೊತ್ತಿಗೆ ದುಬಾರಿಗೆ ಕೊಂಡ ಕರೆಂಟಿನ ಬೆಲೆಯೂ ಅದೇ ಸಾಲಿನಲ್ಲಿ ನಿಮ್ಮ ಬಿಲ್ಲಿಗೆ ಬರಬಹುದು. ಆಯೋಗ ಅದನ್ನು ಸೋಸಬೇಕು. ಆಯೋಗದ ಸಾರ್ವಜನಿಕ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಕೇಳಬಹುದು. ಕಾಸರಗೋಡಿನಿಂದ ಹೋಗುವವರು ಕಡಿಮೆ, ಅದಂತೂ ನಿಜ.

ಕೊನೆಗೆ ಒಬ್ಬ ಯುವ ಕೃಷಿಕರು ಎದ್ದರು. ಉಡುಪಿಯಿಂದ ನಮ್ಮ ಜಿಲ್ಲೆಯ ಕರಿಂದಳಕ್ಕೆ 400 ಕೆವಿಯ (ಕಿಲೋವೋಲ್ಟ್) ದೊಡ್ಡ ಕರೆಂಟ್ ಲೈನು ಎಳೆಯುವವರಿಗೆ ಉಳಿಕೆ ಎಷ್ಟು ಅಂತ ಕೇಳಿದರು. ಅದಕ್ಕೆ ಕರ್ನಾಟಕದ ವಿಟ್ಲದ ಕಡೆಯ ತೋಟದವರು ವಿರೋಧ ಮಾಡಿದ್ದು ಎಲ್ಲರಿಗೂ ಗೊತ್ತಿದೆ.

ಲೈನಿನ ಕಂಪನಿಗೆ ನಮ್ಮ ಈ ಅಳತೆ ನಡೆಯುವುದಿಲ್ಲ ಅಣ್ಣ. ಅವರು ಇಂಧನ ಸುಡುವುದಿಲ್ಲ, ಕರೆಂಟ್ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ. ತಂತಿಯಲ್ಲಿ ಸೋರಿದ ಕರೆಂಟೂ ಅವರ ಲೆಕ್ಕಕ್ಕೆ ಬರುವುದಿಲ್ಲ. ಲೈನು ಶೇಕಡಾ 98ರಷ್ಟು ಹೊತ್ತು ಸರಿಯಾಗಿದ್ದರೆ ಅದರಲ್ಲಿ ಕರೆಂಟ್ ಹರಿಯಲಿ ಬಿಡಲಿ ಪೂರ್ತಿ ಶುಲ್ಕ ಸಿಗುತ್ತದೆ. ಅಲ್ಲಿ ಎಲ್ಲವೂ ಕಟ್ಟುವಾಗಿನ ಖರ್ಚಿನ ಮೇಲೆ ನಿಂತಿದೆ. ಬಿಡ್ಡಿನಲ್ಲಿ ವರ್ಷಕ್ಕೆ ಇಷ್ಟು ಅಂತ ಶುಲ್ಕ ಮೊದಲೇ ಬರೆದುಕೊಟ್ಟಿರುತ್ತಾರೆ. ಆಮೇಲೆ ಟವರಿನ ಜಾಗಕ್ಕೆ, ತಂತಿಯ ಕೆಳಗಿನ ತೋಟಕ್ಕೆ ಕೊಡುವ ಪ್ರತಿ ಹೆಚ್ಚಿನ ರೂಪಾಯಿ ಸಾಮಾನ್ಯವಾಗಿ ಅವರ ಲಾಭದಿಂದಲೇ ಹೋಗಬೇಕು. ಪರಿಹಾರಕ್ಕೆ ಅವರು ಅಷ್ಟು ಚೌಕಾಸಿ ಮಾಡುವುದು ಇದಕ್ಕೇ. 2024ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊಸ ಮಾರ್ಗಸೂಚಿ ಕೊಟ್ಟಿದೆ. ಟವರ್ ಕೂರುವ ಜಾಗಕ್ಕೆ ಭೂಮಿಯ ಬೆಲೆಯ ಎರಡು ಪಟ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇಕಡಾ 30. ಆದರೆ ಅದು ಮಾರ್ಗಸೂಚಿ. ಜಾರಿ ಮಾಡಬೇಕಾದವು ರಾಜ್ಯಗಳು. ನಿಮ್ಮ ಜಾಗ ಕೇರಳದಲ್ಲಿ ಇದ್ದರೆ ಕೇರಳದ ಆದೇಶವನ್ನೇ ಕೇಳಿ ತೆಗೆದುಕೊಳ್ಳಿ, ಗಡಿಯಾಚೆ ವಿಟ್ಲದಲ್ಲಿ ಸಿಕ್ಕಿದ ದರ ಇಲ್ಲಿಗೆ ಹಾಗೇ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ.